ಸೊನ್ನೆಗಿಂತ ಒಂದು ಮೆಟ್ಟಿಲು ಮೇಲೆ

ವಾಸನೆಯಿಂದ ನೆನಪು ಬರುತ್ತದೆ ಎಂದು ಬರೆಯುವವರನ್ನು ನಾನು ನಂಬಿದವಳಲ್ಲ. ನೆನಪು ಮೊದಲೇ ಬಂದಿರುತ್ತದೆ. ಬರೆಯಲು ನೆಪ ಬೇಕಲ್ಲ, ವಾಸನೆಯನ್ನು ಆಮೇಲೆ ತಂದು ಮುಂದೆ ಕೂರಿಸುತ್ತಾರೆ ಎಂಬುದು ನನ್ನ ವಾದವಾಗಿತ್ತು. ಹೋದ ತಿಂಗಳು ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದ ಹೆಂಗಸೊಬ್ಬರು ಕಾಲಬುಡದಲ್ಲಿ ಗೋಣಿಚೀಲ ಇಟ್ಟುಕೊಂಡು ಕೂತರು. ಚೀಲದ ಬಾಯಿಗೆ ಕಟ್ಟಿದ ಹುರಿ ಸಡಿಲವಾಗಿತ್ತು. ಒಳಗೆ ಆಗಷ್ಟೇ ಚಿಪ್ಪು ಬಿಡಿಸಿದ ಉಂಡೆ ಕೊಬ್ಬರಿ. ಎಣ್ಣೆಯ ಸಿಹಿ, ಹಳೇ ನಾರಿನ ಧೂಳು, ಹೆಂಚಿನ ಕಾವು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ, ನನ್ನ ಬೆರಳು ತೊಡೆಯ ಮೇಲಿದ್ದ ಲ್ಯಾಪ್‌ಟಾಪ್ ಚೀಲದ ಮೇಲೆ ಒಂದು ಜಾಗವನ್ನು ಒತ್ತಿತು. ಚೀಲದೊಳಗೆ, ಆ ಜಾಗದ ಕೆಳಗೆ, ಪರದೆಯ ಬೆಳಕು ಇಳಿಸುವ ಕೀ ಇತ್ತು. ಬೆರಳಿಗೆ ನನ್ನ ವಾದ ಗೊತ್ತಿರಲಿಲ್ಲ.

ಬೆರಳಿಗೆ ನೆನಪಾದ ಆ ವರ್ಷ ನಾನು ತಿಪಟೂರಿನ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ಹಂತದಲ್ಲಿದ್ದೆ. ಮೊಬೈಲು ಎಲ್ಲರ ಜೇಬಿಗೂ ಬಂದಿತ್ತು, ಲ್ಯಾಪ್‌ಟಾಪ್ ಇನ್ನೂ ಬಂದಿರಲಿಲ್ಲ. ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಚರ್ಚಾ ಸ್ಪರ್ಧೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡನೇ ಗಂಟೆ ಬಾರಿಸುವ ಮೊದಲು ಎದುರಿನವರ ಬಾಯಿ ಕಟ್ಟಬೇಕು. ಅವರು ಸುಮ್ಮನಾದರೆ ನಾವು ಗೆದ್ದೆವು. ಈ ನಿಯಮ ಸ್ಪರ್ಧೆಯ ಹೊರಗೂ ನಡೆಯುತ್ತದೆಂದು ನಾನು ನಂಬಿದ್ದೆ.

ನನ್ನ ಭಾಷಣಗಳನ್ನು ಟೈಪು ಮಾಡಿಕೊಡುತ್ತಿದ್ದವರು ಗಿರಿಜಕ್ಕ. ತುರುವೇಕೆರೆಯ ಅಂಚಿನಲ್ಲಿ, ಮನೆಗಳು ಮುಗಿದು ತೆಂಗಿನ ತೋಟ ಶುರುವಾಗುವ ಕಡೆ ಅವರ ಹೆಂಚಿನ ಮನೆ. ಮುಂದಿನ ಕೋಣೆಯಲ್ಲಿ ಆರು ಟೈಪ್‌ರೈಟರ್ ಇಟ್ಟುಕೊಂಡು ಹುಡುಗ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದರು. ಹಿಂದಿನದು ಅಟ್ಟದ ಕೆಳಗಿನ ಕೋಣೆ. ಅದಕ್ಕೆ ಕಿಟಕಿ ಇಲ್ಲ. ನಲವತ್ತು ದಾಟಿದ ಹೆಂಗಸು, ಒಂಟಿಯಾಗಿದ್ದರು, ಒಂಟಿಯಾಗಿರುವುದನ್ನು ಯಾರಿಗೂ ವಿವರಿಸಲು ಹೋದವರಲ್ಲ. ನಾನು ಬಾಗಿಲಲ್ಲಿ ಕಾಣಿಸಿದರೆ, "ಇವತ್ತು ಯಾವ ಕಡೆಗೆ ಕಣೇ? ಪರಾನೋ ವಿರೋಧಾನೋ?" ಎನ್ನುವುದೇ ಸ್ವಾಗತ.

ಅವರ ಕಣ್ಣು ಹೋಗುತ್ತಿತ್ತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಎರಡು ಸಲ ಆಪರೇಷನ್ ಆಗಿತ್ತು. "ಕಿಟಕಿ ಬಾಗಿಲು ಎಲ್ಲ ಮುಚ್ಚಿ ಬೀಗದ ತೂತು ಒಂದು ಬಿಟ್ಟಿದಾರೆ, ಅದರಲ್ಲಿ ಇಣುಕಿ ನೋಡ್ತಿದೀನಿ" ಎಂದು ಅವರೇ ಹೇಳಿದ್ದರು. ಆ ತೂತೂ ಯಾವತ್ತಾದರೊಂದು ದಿನ, ಮುನ್ಸೂಚನೆ ಇಲ್ಲದೆ, ಒಮ್ಮೆಗೇ ಮುಚ್ಚಿಹೋಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ದಂಡಿನಶಿವರದಲ್ಲಿದ್ದ ತಮ್ಮ ಶಿವಣ್ಣ ಬಂದು, ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ನಮ್ಮನೆಗೆ ಬಾ ಎಂದು ಕೂತ. ಅಕ್ಕ ತಮ್ಮನ ನಡುವೆ ಕೊನೆಗೆ ಒಂದು ಒಪ್ಪಂದವಾಯಿತು. ಮುಂದಿನ ಶಿವರಾತ್ರಿಯೊಳಗೆ, ಯಾರ ಕಣ್ಣಿನ ಹಂಗೂ ಇಲ್ಲದೆ ಒಬ್ಬಳೇ ಕೆಲಸ ನಡೆಸಬಲ್ಲೆನೆಂದು ತೋರಿಸಿದರೆ ಗಿರಿಜಕ್ಕ ಇಲ್ಲೇ ಇರಬಹುದು. ಆಗದಿದ್ದರೆ ಮಾತಿಲ್ಲದೆ ಹೊರಡಬೇಕು.

ಯುಗಾದಿ ಕಳೆದ ವಾರ ಆ ಮನೆಗೆ ಎರಡು ಸಾಮಾನು ಬಂದವು. ತುಮಕೂರಿನಿಂದ ತಂದ ಹಳೆಯ ಲ್ಯಾಪ್‌ಟಾಪ್ ಒಂದು, ಅಟ್ಟಕ್ಕೆ ಏರಿಸುವ ಕಾಯಿ ಇನ್ನೊಂದು. ನಮ್ಮ ಕಡೆ ಕೊಬ್ಬರಿಗೆ ಬಿಟ್ಟ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಒಳಗೆ ಏನಾಗಿದೆ ಎಂದು ನೋಡಲು ದಾರಿಯಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಈ ಕೆಲಸಕ್ಕೆ ಹುಳಿಯಾರಿನ ಕಡೆಯ ಹಟ್ಟಿಯಿಂದ ಚಿಕ್ಕಣ್ಣ ಎಂಬಾತ ಬರುತ್ತಿದ್ದ. ಅಟ್ಟ ಹತ್ತಿ ಒಂದೊಂದನ್ನೇ ಅಲ್ಲಾಡಿಸುವುದು, ಅನುಮಾನ ಬಂದದ್ದನ್ನು ಕೆಳಗಿನ ಗಿರಿಜಕ್ಕನ ಕೈಗೆ ಕೊಡುವುದು. ಅವರ ಕಿವಿ ಅವನದಕ್ಕಿಂತ ಮೇಲು ಎಂದು ಅವನೇ ಒಪ್ಪಿದ್ದ.

ಕಾಲೇಜಿನಲ್ಲಿ ಕಂಪ್ಯೂಟರ್ ಒಂದು ವಿಷಯವಾಗಿದ್ದರಿಂದ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಿತ್ತು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ತಂತ್ರಾಂಶ ಪುಕ್ಕಟೆಯಾಗಿ ಸಿಗುವ ಒಂದು ಆಪರೇಟಿಂಗ್ ಸಿಸ್ಟಮ್ಮನ್ನು ಹಾಕಿದೆ. ಅದರ ದನಿ ಕೇಳಿ ಚಿಕ್ಕಣ್ಣ ಏಣಿಯ ಮೇಲಿಂದಲೇ, "ಇವನ್ಯಾರವ್ವ, ನೆಗಡಿಯಾದ ಪೂಜಾರಿ ಥರ ಉಲೀತಾವ್ನೆ?" ಎಂದ. ಆವತ್ತಿನಿಂದ ಆ ದನಿಗೆ ಪೂಜಾರಪ್ಪ ಎಂದೇ ಹೆಸರಾಯಿತು.

ಪೂಜಾರಪ್ಪ ಮಾತಾಡಿದ, ಆದರೆ ಕೀಗಳು ಮಾತು ಕೇಳಲಿಲ್ಲ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರದ ಎರಡು ಕೀ ಬೆಳಕಿಗೆ, ಸ್ಪೀಕರಿನ ಚಿತ್ರದ ಮೂರು ಸದ್ದಿಗೆ. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಕೆಲವು ಯಂತ್ರಗಳಲ್ಲಿ ಕೀಲಿಮಣೆಯ ಕೆಳಗಿನ ಎಲೆಕ್ಟ್ರಾನಿಕ್ ಚಿಪ್ಪೇ ಈ ಕೆಲಸ ಮಾಡಿ ಮುಗಿಸುತ್ತದೆ. ಈ ಯಂತ್ರದಲ್ಲಿ ಹಾಗಲ್ಲ. ಕೀ ತಾನು ಒತ್ತಲ್ಪಟ್ಟೆ ಎಂದು ಆಪರೇಟಿಂಗ್ ಸಿಸ್ಟಮ್ಮಿಗೆ ವರದಿ ಮಾತ್ರ ಮಾಡುತ್ತದೆ. ಕೇಳಿಸಿಕೊಂಡು ಏನಾದರೂ ಮಾಡುವವರು ಒಳಗೆ ಒಬ್ಬರಿರಬೇಕು. ಈ ಯಂತ್ರದಲ್ಲಿ ಆ ಒಬ್ಬರು ಇರಲಿಲ್ಲ. ತಿಪಟೂರಿನ ಸೈಬರ್ ಸೆಂಟರಿನಲ್ಲಿ ಕೂತು, ಅಲ್ಲಿ ಸಿಕ್ಕ ಪುಟಗಳನ್ನು ಬರೆದುಕೊಂಡು ಬಂದು, ಆ ಕೇಳುವವರನ್ನು, ಅಂದರೆ ಒಂದು ಸಣ್ಣ ಪ್ರೋಗ್ರಾಮನ್ನು, ನಾನು ಬರೆದೆ. ನಾಲ್ಕು ದಿನ ಹಿಡಿಯಿತು. ಅವರು ಹೇಗೆ ನಡೆದುಕೊಳ್ಳಬೇಕು ಎಂಬುದರ ಮೇಲೆ ಗಿರಿಜಕ್ಕನಿಗೂ ನನಗೂ ವಾದ ಹತ್ತಿತು.

"ಒತ್ತಿದಾಗಲೆಲ್ಲ ಕೆಲಸ ಮಾಡ್ಬೇಕು ಕಣೇ. ಗೋಡೆ ಮೇಲಿನ ಸ್ವಿಚ್ ಇದ್ದಂಗೆ" ಎಂದರು.

"ಹಾಗಾಗಲ್ಲ ಅಕ್ಕ. ಪಾಸ್‌ವರ್ಡ್ ಕೊಟ್ಟು ಒಳಗೆ ಬಂದೋರ ಮಾತನ್ನ ಮಾತ್ರ ಯಂತ್ರ ಕೇಳ್ಬೇಕು. ಇಲ್ಲದಿದ್ರೆ ದಾರೀಲಿ ಹೋಗೋರೂ ಬಂದು ಒತ್ತಬಹುದು."

"ದಾರೀಲಿ ಹೋಗೋರು ಬಂದು ನನ್ನ ಬೆಳಕು ಜಾಸ್ತಿ ಮಾಡಿ ಹೋಗ್ತಾರಾ? ಮಾಡ್ಲಿ ಬುಡು, ಪುಣ್ಯ ಬರ್ತದೆ ಅವರಿಗೆ."

"ಇದು ತತ್ವದ ಪ್ರಶ್ನೆ ಅಕ್ಕ."

ತತ್ವ ಅಲ್ಲ. ಪಾಸ್‌ವರ್ಡ್ ಕೊಟ್ಟ ನಂತರ ಮಾತ್ರ ಕೆಲಸ ಮಾಡುವಂತೆ ಬರೆಯುವುದು ಸುಲಭ ಇತ್ತು, ಮೊದಲಿಂದಲೂ ಮಾಡುವಂತೆ ಬರೆಯುವುದು ನನಗೆ ಬರುತ್ತಿರಲಿಲ್ಲ. ಬರದ ಕೆಲಸಕ್ಕೆ ತತ್ವದ ಬಟ್ಟೆ ತೊಡಿಸುವುದು ಒಳ್ಳೆಯ ಚರ್ಚಾಪಟುವಿನ ಮೊದಲ ಪಾಠ.

ಸದ್ದಿನ ಬಗ್ಗೆಯೂ ಹೀಗೇ. ಮ್ಯೂಟ್ ಕೀ ಒತ್ತಿ ಪೂಜಾರಪ್ಪನ ಬಾಯಿ ಮುಚ್ಚಿದರೆ, ಅದೇ ಕೀಯನ್ನು ಮತ್ತೆ ಒತ್ತುವವರೆಗೂ ಅವನು ಬಾಯಿ ಬಿಡಬಾರದು ಎಂದೆ. ಸದ್ದು ಏರಿಸುವ ಕೀ ಒತ್ತಿದವರಿಗೆ ಸದ್ದು ಬೇಕು ಅಂತಲೇ ತಾನೆ ಎಂದು ಅವರು ಕೇಳಿದರು. ಎರಡೂ ಬೇರೆ ಬೇರೆ ಆಜ್ಞೆ, ಒಂದು ಇನ್ನೊಂದನ್ನು ರದ್ದು ಮಾಡಬಾರದು ಎಂದು ನಾನು ಉತ್ತರಿಸಿದೆ.

ದೊಡ್ಡ ವಾದ ನಡೆದದ್ದು ಬೆಳಕಿನ ಮೇಲೆ. ಆ ಯಂತ್ರದ ಬೆಳಕಿಗೆ ಏಳು ಮೆಟ್ಟಿಲು, ಕೆಳಗೆ ಸೊನ್ನೆ. ಸೊನ್ನೆಗೆ ಇಳಿಸಿದರೆ ಪರದೆ ಪೂರಾ ಕಪ್ಪಾಗುತ್ತಿತ್ತು. ಯಂತ್ರ ಸತ್ತಂತೆ ಕಾಣುತ್ತಿತ್ತು, ಸತ್ತಿರುತ್ತಿರಲಿಲ್ಲ. ಗಿರಿಜಕ್ಕ ಅದನ್ನು ನೋಡಿ, "ಪೂರ್ತಿ ಕತ್ತಲಾಗೋದು ಬೇಡ ಕಣೇ. ಒಂದು ಮೆಟ್ಟಿಲು ಮೇಲೇ ನಿಂತುಬಿಡ್ಲಿ" ಎಂದರು.

ನನ್ನಲ್ಲಿ ಆಗ ಒಳ್ಳೆಯದೊಂದು ವಾದ ಸಿದ್ಧವಾಗಿತ್ತು. "ಸೊನ್ನೆ ಕೇಳಿದೋರಿಗೆ ಸೊನ್ನೆ ಕೊಡ್ಬೇಕು ಅಕ್ಕ. ಇಲ್ಲ, ನಿನಗೆ ಇದು ಒಳ್ಳೇದಲ್ಲ, ನಿನಗೇನು ಬೇಕು ಅಂತ ನನಗೆ ಗೊತ್ತು ಅನ್ನೋ ಯಂತ್ರ ನಮ್ಮನ್ನ ಚಿಕ್ಕ ಮಕ್ಕಳ ಥರ ನೋಡ್ತದೆ. ಶಿವಣ್ಣ ನಿಮಗೆ ಮಾಡ್ತಿರೋದೂ ಅದನ್ನೇ ತಾನೆ?"

ಗಿರಿಜಕ್ಕ ಸುಮ್ಮನಾದರು. ಬಹಳ ಹೊತ್ತು ಕೀಲಿಮಣೆಯ ಮೇಲೆ ಬೆರಳಾಡಿಸುತ್ತ ಕೂತರು. ಆಮೇಲೆ ಎದ್ದು ಕಾಫಿಗೆ ನೀರಿಟ್ಟರು. ನಾನು ಸೊನ್ನೆಯನ್ನು ಹಾಗೇ ಉಳಿಸಿದೆ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಕೊನೆಯ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡೆ. ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು.

ಆ ವರ್ಷದ ಮಳೆ ನಮ್ಮ ಕಡೆ ಬಂದೂ ಬಾರದ ಹಾಗೆ ಹೋಯಿತು. ಆಷಾಢದಲ್ಲಿ ಗಾಳಿಯೇ ಜಾಸ್ತಿ. ಗರಿಗಳು ಹೆಂಚಿನ ಮೇಲೆ ಬಿದ್ದು ಜಾರುವ ಸದ್ದು. ಗಿರಿಜಕ್ಕ ಬೆಳಿಗ್ಗೆ ಸಂಜೆ ಟೈಪಿಂಗ್ ಪಾಠ ಮುಗಿಸಿ ಅಟ್ಟದ ಕೆಳಗಿನ ಕೋಣೆ ಸೇರುತ್ತಿದ್ದರು. ಬಯಲ ಬೆಳಕು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಕತ್ತಲ ಕೋಣೆಯಲ್ಲಿ, ಬಾಗಿಲು ಮುಚ್ಚಿ ಕೂತರೆ ಪರದೆ ಒಂದೇ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಪೂಜಾರಪ್ಪನ ಜೊತೆ ಅಭ್ಯಾಸ. ಟೈಪು ಮಾಡುವ ಕೈ ಇಪ್ಪತ್ತು ವರ್ಷದಿಂದ ಪಳಗಿದ್ದು, ಅಕ್ಷರ ತಪ್ಪುತ್ತಿರಲಿಲ್ಲ. ಕಡತ ಹುಡುಕುವುದು, ಉಳಿಸುವುದು, ಪತ್ರದ ಅಂಚು ಸರಿಮಾಡುವುದು, ಎಲ್ಲವನ್ನೂ ಕಿವಿಯಲ್ಲೇ ಕಲಿತರು. ಎಲ್ಲಾದರೂ ಸಿಕ್ಕಿಕೊಂಡಾಗ ಮಾತ್ರ ಕಣ್ಣು ತೆರೆದು ಬೀಗದ ತೂತಿನಲ್ಲಿ ಇಣುಕುತ್ತಿದ್ದರು. "ಇದೊಂದು ಚಟ ಬಿಟ್ಟರೆ ಗೆದ್ದೆ" ಎನ್ನುತ್ತಿದ್ದರು. ಯುಗಾದಿಯಲ್ಲಿ ಒಂದು ಪುಟಕ್ಕೆ ಹತ್ತು ಸಲ ಇಣುಕುತ್ತಿದ್ದವರು ದೀಪಾವಳಿಯ ಹೊತ್ತಿಗೆ ಒಂದು ಸಲಕ್ಕೆ ಬಂದಿದ್ದರು. ಅಟ್ಟದ ಮೇಲೆ ಕಾಯಿಯ ನೀರು ಅರ್ಧಕ್ಕಿಳಿದು ಗುಳುಗುಳು ಎನ್ನುತ್ತಿತ್ತು.

ದೀಪಾವಳಿ ಆಗಿ ವಾರಕ್ಕೆ ಮೋಡ ಕವಿದು ಜಿನುಗು ಮಳೆ ಹಿಡಿಯಿತು. ಕಾಲೇಜು ಮುಗಿಸಿ ಬಂದಾಗ ಇನ್ನೂ ಐದು ಗಂಟೆ, ಆಗಲೇ ಮಬ್ಬು. ಊರಿಡೀ ಕರೆಂಟ್ ಇರಲಿಲ್ಲ. ಗಿರಿಜಕ್ಕನ ಮನೆಯ ಜಗಲಿಯಲ್ಲಿ ಚಿಕ್ಕಣ್ಣ ತಲೆ ಮೇಲೆ ಟವಲ್ಲು ಹಾಕಿಕೊಂಡು ನಿಂತಿದ್ದ.

"ಒಳಗೇ ಕುಂತವ್ರೆ ಕಣವ್ವ. ಕೂಗಿದ್ರೆ ಊಂ ಅಂತಾರೆ, ಈಚೆಗ್ ಬರಾಕಿಲ್ಲ. ಬಾಗಿಲು ತಗೀಬ್ಯಾಡ ಅಂದ್ರು. ಶಿವಣ್ಣಂಗೆ ಪೋನು ಮಾಡು, ಬಂದು ಕರ್ಕೊಂಡೋಗ್ಲಿ ಅಂದ್ರು."

"ಯಾಕೆ? ಏನಾಯ್ತು?"

"ಅದೇ ಹೇಳಾಕಿಲ್ವಲ್ಲ. ನಾನೇನು ಅಟ್ಟದ ಕಾಯಿ ಎಣಿಸೋನು, ಮನುಸ್ರನ್ನ ಹೆಂಗೆ ಅಲ್ಲಾಡಿಸ್ಲಿ?"

ನಾನು ಹೋಗಿ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಪೂರಾ ಕತ್ತಲು. ಯಂತ್ರದ ಫ್ಯಾನು ತಿರುಗುವ ಸಣ್ಣ ಸದ್ದು. ಗಿರಿಜಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಕೈ ಎರಡೂ ಕೀಲಿಮಣೆಯ ಮೇಲೆ. ಬಾಗಿಲು ತೆರೆದ ಸದ್ದಿಗೆ ಮುಖ ತಿರುಗಿಸಿದರು. ತಮಗೇ ಹೇಳಿಕೊಳ್ಳುವವರ ಹಾಗೆ, "ಬಾಗಿಲು ಕಾಣ್ತಿದೆ" ಎಂದರು. ನನ್ನ ಕಡೆ ಕತ್ತು ಚಾಚಿ, "ನೀನು ಕಾಣ್ತಿದೀಯ" ಎಂದರು.

ನನಗೆ ಇನ್ನೂ ಅರ್ಥವಾಗಿರಲಿಲ್ಲ.

"ಎರಡು ಗಂಟೆ ಹೊತ್ತು ಕಣೇ" ಎಂದರು. "ಅಷ್ಟು ಹೊತ್ತೂ ನಾನು ಕುರುಡಿ."

ನಡೆದದ್ದು ಇಷ್ಟು. ಮಧ್ಯಾಹ್ನ ಅವರ ಕಣ್ಣು ನೋಯುತ್ತಿತ್ತು, ಬೆಳಕನ್ನು ಎರಡನೇ ಮೆಟ್ಟಿಲಿಗೆ ಇಳಿಸಿಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಹುಡುಗಿಯರು ಮಾತಾಡಿಸಿದರೆಂದು ಪೂಜಾರಪ್ಪನನ್ನು ಮ್ಯೂಟ್ ಮಾಡಿ ಎದ್ದು ಹೋದರು. ಅವರು ಅಲ್ಲಿದ್ದಾಗ ಕರೆಂಟ್ ಹೋಯಿತು. ಯಂತ್ರ ಬ್ಯಾಟರಿ ಉಳಿಸಲೆಂದು ತಾನೇ ಬೆಳಕನ್ನು ಎರಡು ಮೆಟ್ಟಿಲು ಇಳಿಸಿತು. ಎರಡರಿಂದ ಎರಡು ಕಳೆದರೆ ಸೊನ್ನೆ. ಹತ್ತು ನಿಮಿಷ ಯಾರೂ ಮುಟ್ಟದ್ದರಿಂದ ತನಗೆ ತಾನೇ ಬೀಗ ಹಾಕಿಕೊಂಡು ಪಾಸ್‌ವರ್ಡಿಗೆ ಕಾಯುತ್ತ ಕೂತಿತು. ಗಿರಿಜಕ್ಕ ಹುಡುಗಿಯರನ್ನು ಕಳಿಸಿ ಬಂದು, ಬಾಗಿಲು ಮುಚ್ಚಿಕೊಂಡು ಕೂತರು. ಪರದೆ ಕಾಣಲಿಲ್ಲ. ಬೆಳಕು ಏರಿಸುವ ಕೀ ಒತ್ತಿದರು. ಪಾಸ್‌ವರ್ಡ್ ಕೊಟ್ಟಿರಲಿಲ್ಲವಲ್ಲ, ನಾನು ಬರೆದ ಕೇಳುವವರು ಕೇಳಲಿಲ್ಲ. ಸದ್ದು ಏರಿಸುವ ಕೀ ಒತ್ತಿದರು, ಮ್ಯೂಟ್ ಕೀಯನ್ನೂ ಒತ್ತಿದರು. ಅದಕ್ಕೂ ಉತ್ತರ ಬರಲಿಲ್ಲ. ಹತ್ತು ಸಲ, ಇಪ್ಪತ್ತು ಸಲ ಒತ್ತಿದರು. ಅಂಗೈ ಇಟ್ಟು ನೋಡಿದರೆ ಯಂತ್ರದ ಮೈ ಬೆಚ್ಚಗಿತ್ತು, ಫ್ಯಾನು ತಿರುಗುತ್ತಿತ್ತು. ಯಂತ್ರ ಬದುಕಿದೆ. ಹಾಗಾದರೆ ಹೋದದ್ದು ಕಣ್ಣು. ತರ್ಕದಲ್ಲಿ ಎಲ್ಲಿ ತಪ್ಪಿದೆ ತೋರಿಸಿ ಎಂದರೆ ನಾನು ತೋರಿಸಲಾರೆ. ಡಾಕ್ಟರು ಹೇಳಿದ್ದೂ ಹೀಗೇ, ಮುನ್ಸೂಚನೆ ಇಲ್ಲದೆ.

"ಬಾಗಿಲು ಐದೇ ಹೆಜ್ಜೆ" ಎಂದರು ಗಿರಿಜಕ್ಕ. "ಎದ್ದು ಹೋಗಿ ತೆಗೆದಿದ್ರೆ ಗೊತ್ತಾಗೋದು. ಮೂರು ಸಲ ಏಳೋಕೆ ಹೋದೆ. ಗೊತ್ತಾಗೋದು ಬೇಡ ಅನ್ನಿಸ್ತು ಕಣೇ. ಬಾಗಿಲು ತೆಗೆದೂ ಕಾಣದೆ ಹೋದ್ರೆ?"

ನಾನು ಅವರ ಕೈ ಪಕ್ಕ ಕೈ ಇಟ್ಟು ಪಾಸ್‌ವರ್ಡ್ ಹೊಡೆದೆ, ಬೆಳಕಿನ ಕೀ ಒತ್ತಿದೆ. ಪರದೆ ಬಂತು. ಅವರ ಮುಖದ ಮೇಲೆ ನೀಲಿ ಬೆಳಕು ಬಿತ್ತು. ಅವರು ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಶಿವಣ್ಣ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದ. ಕೈಚೀಲದಲ್ಲಿ ಹೊಸ ಬೀಗವೂ ಇತ್ತು. ಕೆಟ್ಟವನಲ್ಲ, ಅಕ್ಕನ ಮುಖ ನೋಡಿ ಅವನದೂ ಇಳಿದುಹೋಗಿತ್ತು. "ಸಾಕು ಬುಡು ಅಕ್ಕಯ್ಯ. ಇನ್ನೊಂದು ದಿನ ಹಿಂಗಾದ್ರೆ ಯಾರವ್ರೆ ಇಲ್ಲಿ?" ಎಂದ. ಗಿರಿಜಕ್ಕ, "ಶಿವರಾತ್ರಿವರೆಗೂ ಅಂದಿದ್ಯಲ್ಲ ಕಣಪ್ಪ. ಇನ್ನೂ ಬಂದಿಲ್ಲ" ಎಂದಷ್ಟೇ ಹೇಳಿದರು. ಅವನು ಉಪ್ಪಿಟ್ಟು ತಿಂದು ಬೀಗವನ್ನು ಗೂಡಿನಲ್ಲಿಟ್ಟು ಹೊರಟ.

ಅವನು ಹೋದ ಮೇಲೆ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಆದರೆ ನನ್ನ ಕ್ಷಮೆಗೂ ಒಂದು "ಆದರೆ" ಅಂಟಿಕೊಂಡಿತ್ತು. "ತಪ್ಪು ನಂದೇ ಅಕ್ಕ. ಆದರೆ ಮೂರೂ ಒಟ್ಟಿಗೆ ಸೇರಿ ಬಂದಿದ್ದಕ್ಕೆ ಹಾಗಾಯ್ತು. ಒಂದೊಂದಾಗಿ ನೋಡಿದ್ರೆ ಪ್ರತಿಯೊಂದು ನಿಯಮಾನೂ..."

"ಚಿಕ್ಕಣ್ಣಾ, ಮೂರು ಕಾಯಿ ತತ್ತಾ" ಎಂದು ಗಿರಿಜಕ್ಕ ಕೂಗಿದರು.

ಅವನು ಅಟ್ಟದಿಂದ ಇಳಿಸಿ ತಂದ. ಮೊದಲನೆಯದನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು. ನೀರಿನ ಸದ್ದು. "ಇದು ಇನ್ನೂ ಇರ್ಬೇಕು." ಎರಡನೆಯದು ಹೋದ ವರ್ಷದ್ದು, ಮನೆಗೆ ಉಳಿಸಿಕೊಂಡದ್ದು, ಒಳಗಿನ ಉಂಡೆ ಚಿಪ್ಪಿಗೆ ಬಡಿದು ಲೊಟಕ್ ಎಂದಿತು. "ಇದು ಆಗಿದೆ." ಮೂರನೆಯದು ಎಷ್ಟು ಅಲ್ಲಾಡಿಸಿದರೂ ಸುಮ್ಮನಿತ್ತು.

"ಇದೇನು ಹೇಳು."

"ನೀರು ತುಂಬಿದೆ" ಎಂದೆ.

"ತುಂಬಿದ್ರೂ ಸದ್ದು ಬರಲ್ಲ. ಒಳಗೆ ಕೊಳೆತು ಚಿಪ್ಪಿಗೆ ಕಚ್ಕೊಂಡಿದ್ರೂ ಬರಲ್ಲ. ಯಾವ್ದು ಅಂತ ಒಡೆಯೋವರೆಗೂ ಗೊತ್ತಾಗಲ್ಲ. ನಿನ್ನ ಯಂತ್ರ ನಿನ್ನೆ ನನ್ನ ಕೈಗೆ ಇದನ್ನ ಕೊಟ್ಟು ಕೂರಿಸ್ತು." ಕಾಯಿಯನ್ನು ಮೇಜಿನ ಮೇಲಿಟ್ಟರು. "ಆವತ್ತು ಸೊನ್ನೆ ಬಗ್ಗೆ ಮಾತಾಡ್ದಾಗ ನಾನು ಸುಮ್ಮನಾದೆ. ಒಪ್ಪಿದೀನಿ ಅಂದ್ಕೊಂಡೆ ನೀನು."

 

ಚಿಕ್ಕಣ್ಣ ಮೂರನೆಯ ಕಾಯಿಯನ್ನು ತೋರಿಸಿ, "ಒಡೀಲಾ?" ಎಂದ. "ಬೇಡ, ಇಟ್ಟುಬಿಡು" ಎಂದರು.

ಎರಡು ವಾರ ನಾನು ಕಾಲೇಜಿಗೆ ಸರಿಯಾಗಿ ಹೋಗಲಿಲ್ಲ. ಬರುವುದಿಲ್ಲ ಎಂದು ತತ್ವದ ಮರೆಗೆ ತಳ್ಳಿದ್ದ ಕೆಲಸವನ್ನು ಕಲಿತೆ. ಪಾಸ್‌ವರ್ಡ್ ಇರಲಿ ಬಿಡಲಿ, ಯಂತ್ರ ಎದ್ದ ಕ್ಷಣದಿಂದ ಕೀಗಳು ಕೆಲಸ ಮಾಡುವಂತಾಯಿತು. ಸದ್ದು ಏರಿಸುವ ಕೀ ಮ್ಯೂಟನ್ನು ಮುರಿಯುವಂತಾಯಿತು. ಬೆಳಕು ಸೊನ್ನೆಗಿಂತ ಒಂದು ಮೆಟ್ಟಿಲು ಮೇಲೆಯೇ ನಿಂತಿತು, ಯಾರು ಇಳಿಸಿದರೂ, ಯಂತ್ರ ತಾನೇ ಇಳಿಸಿದರೂ. ಇದೆಲ್ಲ ಸಾಲದು ಎಂದರು ಗಿರಿಜಕ್ಕ. ಒತ್ತಿದರೆ ಪರದೆಯ ಮೇಲೊಂದು ಪಟ್ಟಿ ಮೂಡುತ್ತದೆ, ಅದು ಕಣ್ಣಿದ್ದವರಿಗೆ. ಒತ್ತಿದ್ದಕ್ಕೆ ಒಂದು ಸದ್ದು ಬೇಕು. ಇನ್ನು ಮೇಲಕ್ಕಿಲ್ಲ, ಇನ್ನು ಕೆಳಕ್ಕಿಲ್ಲ ಎನ್ನುವಾಗ ಎರಡು ಸದ್ದು. ಮ್ಯೂಟ್ ಒತ್ತಿದರೂ ಒಂದು ಸಲ ಸದ್ದು ಮಾಡಿಯೇ ಬಾಯಿ ಮುಚ್ಚಬೇಕು, ಮುಚ್ಚಿದ ಮೇಲೂ ಬೆಳಕಿನ ಕೀಗಳು ಉತ್ತರ ಕೊಡಬೇಕು.

ನಾನು ಕೊನೆಯ ಆಕ್ಷೇಪ ಎತ್ತಿದೆ, ಅಭ್ಯಾಸಬಲ. "ಎಲ್ಲರ ಯಂತ್ರಾನೂ ಹೀಗೇ ಸದ್ದು ಮಾಡ್ತಾ ಕೂತ್ರೆ ಹೆಂಗೆ ಅಕ್ಕ? ಸಭೆ ನಡೀತಿರುತ್ತೆ, ಮಗು ಮಲಗಿರುತ್ತೆ. ಬೇಕಾದೋರು ಹುಡುಕಿ ಹಾಕ್ಕೊಳ್ಳೋ ಹಾಗೆ ಇಟ್ರೆ ಸಾಲದಾ?"

"ಸದ್ದು ಬೇಡದೋರಿಗೆ ಕಣ್ಣಿದೆ, ಎಲ್ಲಿ ಆರಿಸ್ಬೇಕು ಅಂತ ಹುಡುಕ್ಕೋತಾರೆ. ಬೇಕಾದೋರು ಎಲ್ಲಿ ಹಾಕ್ಕೋಬೇಕು ಅಂತ ಹುಡುಕೋದು ಯಾವುದ್ರಲ್ಲಿ ಕಣೇ?"

ಇಂಥ ವಾಕ್ಯ ನನಗೆ ವೇದಿಕೆಯ ಮೇಲೆ ಒಂದು ಸಲವಾದರೂ ಹೊಳೆದಿದ್ದರೆ. ಆಪರೇಟಿಂಗ್ ಸಿಸ್ಟಮ್ ಬರೆಯುವವರು ಬೆಳಕು ಸದ್ದುಗಳ ಕೀಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ, ಈಗಲೂ ಈ ಮಾತನ್ನೇ ಹೇಳುತ್ತೇನೆ. ನನ್ನದಲ್ಲ ಎಂದೂ ಹೇಳುತ್ತೇನೆ.

ಸದ್ದು ಯಾವುದಿರಬೇಕು ಎಂಬುದಕ್ಕೆ ವಾದ ನಡೆಯಲಿಲ್ಲ. ಹೋದ ವರ್ಷದ ಒಣಗಿದ ಕಾಯಿಯನ್ನು ಚಿಕ್ಕಣ್ಣ ಲ್ಯಾಪ್‌ಟಾಪಿನ ಮೈಕಿಗೆ ಹಿಡಿದು ಅಲ್ಲಾಡಿಸಿದ. ಉಸಿರು ಬಿಗಿಹಿಡಿದು, ಕಣ್ಣರಳಿಸಿ ಅಲ್ಲಾಡಿಸಿದ. ಮೂರನೇ ಸಲಕ್ಕೆ ಸರಿಯಾಯಿತು. "ಪೋಟೋ ಆಗಿದ್ರೆ ಮುಖನಾದ್ರೂ ತೊಳ್ಕೊಂಡ್ ಬತ್ತಿದ್ದೆ" ಎಂದ. ದೀಪಾವಳಿಯಿಂದೀಚೆಗೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಅವತ್ತು ಗಿರಿಜಕ್ಕ ನಕ್ಕರು.

ಪುಷ್ಯ ಕಳೆಯಿತು, ಮಾಘ ಬಂತು. ಚಳಿ ಒಣಗಿ, ಬಿಸಿಲಿಗೆ ಹೆಂಚು ಚಟಚಟ ಎನ್ನತೊಡಗಿತು. ನಾನು ಪರೀಕ್ಷೆಗೆ ಓದುತ್ತ ಆ ಕಡೆ ಹೋಗುವುದು ಕಡಿಮೆಯಾಗಿತ್ತು. ಶಿವರಾತ್ರಿಗೆ ಐದಾರು ದಿನ ಇದ್ದಾಗ ಒಂದು ಬೆಳಿಗ್ಗೆ ಗಿರಿಜಕ್ಕನ ಫೋನು ಬಂತು. "ಬಿಡುವಾದಾಗ ಬಾ. ಒಂದು ಸಣ್ಣ ಕೆಲಸ ಇದೆ" ಎಂದರು. ದನಿಯಲ್ಲಿ ಏನೂ ಇರಲಿಲ್ಲ.

ಹೋದಾಗ ಅಂಗಳದ ತುಂಬ ಅಟ್ಟದಿಂದ ಇಳಿಸಿದ ಕಾಯಿ. ಚಿಕ್ಕಣ್ಣ ಸುಲಿಯುತ್ತಿದ್ದ. ನನ್ನನ್ನು ನೋಡಿ ಎಂದಿನಂತೆ ಮಾತಾಡಿಸಲಿಲ್ಲ, ಕತ್ತಿನಲ್ಲೇ ಒಳಗೆ ತೋರಿಸಿದ. ಜಗಲಿಯ ಮೇಲೆ ಶಿವಣ್ಣ ಕೂತಿದ್ದ. ಒಳಗಿನಿಂದ ಟೈಪು ಮಾಡುವ ಸದ್ದು ಬರುತ್ತಿತ್ತು, ಅದರ ಹಿಂದೆಯೇ ಪೂಜಾರಪ್ಪನ ಗೊಣಗು. ಶಿವಣ್ಣ ಅದನ್ನು ಕೇಳುತ್ತ ಕೂತಿದ್ದ. ಪಕ್ಕದಲ್ಲಿ ಅಚ್ಚಾದ ಹಾಳೆಗಳು, ಯಾರೋ ಬಾಯಲ್ಲಿ ಹೇಳಿಹೋದ ಮದುವೆಯ ಕರೆಯೋಲೆಯ ಕರಡು. "ಬೆಳಿಗ್ಗಿಂದ ಮೂರು ಪುಟ ಆಯ್ತು ಕಣಮ್ಮ" ಎಂದ ನನಗೆ. "ತಪ್ಪು ಹುಡುಕ್ತಾ ಇದೀನಿ. ಸಿಕ್ತಿಲ್ಲ."

ನಾನು ಕೋಣೆಯೊಳಗೆ ಹೋದೆ. ಈಗ ಬಾಗಿಲು ಪೂರ್ತಿ ತೆರೆದಿತ್ತು. ಪರದೆಯ ಬೆಳಕು ತುದಿಯ ಮೆಟ್ಟಿಲಲ್ಲಿ ಉರಿಯುತ್ತಿತ್ತು. ಗಿರಿಜಕ್ಕ ಅದರ ಕಡೆ ಮುಖ ಮಾಡಿರಲಿಲ್ಲ.

"ಬಂದ್ಯಾ? ಕೂತ್ಕೋ" ಎಂದರು. "ಮೊನ್ನೆ ಬೆಳಿಗ್ಗೆ ಕಣೇ. ಮುಖ ತೊಳ್ಕೊಂಡು ಬಂದು ಕೂತೆ, ಸ್ಕ್ರೀನು ಕಾಣಲಿಲ್ಲ. ನಿನ್ನ ಕೀ ಒತ್ತಿದೆ. ಸದ್ದು ಬಂತು. ಇನ್ನೊಂದು ಸಲ ಒತ್ತಿದೆ, ಸದ್ದು ಬಂತು. ಒತ್ತುತ್ತಾ ಹೋದೆ. ಎರಡು ಸದ್ದು ಬಂತು. ಯಂತ್ರ ತನ್ನ ಹತ್ರ ಇದ್ದಷ್ಟೂ ಬೆಳಕು ಕೊಟ್ಟಿದೆ. ಇನ್ನು ಮೇಲಕ್ಕಿಲ್ಲ. ಆಗ ಗೊತ್ತಾಯ್ತು."

ನಾನು ಬಾಗಿಲ ಕಡೆ ನೋಡಿದೆ.

"ಈ ಸಲ ಎದ್ದು ಹೋಗಿ ಬಾಗಿಲೂ ತೆಗೆದೆ" ಎಂದರು. "ಐದು ಹೆಜ್ಜೆ. ಬೆಳ್ಳಗೆ ಏನೋ ಇದೆ ಅನ್ನಿಸ್ತದೆ, ಅಷ್ಟೇ. ವಾಪಸ್ ಬಂದು ಕೂತು ಕೆಲಸ ಮಾಡ್ದೆ."

ನಾನು ಬರೆದದ್ದು ಅವರಿಗೆ ಉಪಕಾರ ಮಾಡಿತೇ? ಅನುಮಾನಕ್ಕೆ ಇದ್ದ ಕೊನೆಯ ಜಾಗವನ್ನೂ ಕಿತ್ತುಕೊಂಡಿತು ಎಂದು ವಾದಿಸಬಹುದು. ಆ ಪಕ್ಷವನ್ನು ನಾನು ಎಷ್ಟೋ ಸಲ ಒಳಗೊಳಗೇ ವಾದಿಸಿದ್ದೇನೆ. ಅವತ್ತು ಆ ಮುಖ ನೋಡಿದ್ದಕ್ಕೆ, ಕಾರ್ತಿಕದ ಕತ್ತಲಲ್ಲಿ ನೋಡಿದ ಮುಖವೂ ನೆನಪಿರುವುದಕ್ಕೆ, ಗೆಲ್ಲಲು ಆಗಿಲ್ಲ.

"ಅಕ್ಕ, ಏನೋ ಕೆಲಸ ಅಂದ್ರಿ" ಎಂದೆ ಕೊನೆಗೆ.

"ಹೂಂ. ಆ ಸೊನ್ನೆ ವಾಪಸ್ ಹಾಕ್ಕೊಡು. ಸುಮ್ಮನೆ ಉರೀತದೆ, ಬ್ಯಾಟ್ರಿ ದಂಡ. ಈಗ ನಾನೇ ಕೇಳ್ತಿದೀನಿ." ತುಟಿಯ ಅಂಚಿನಲ್ಲಿ ಸಣ್ಣ ನಗು ಬಂತು. "ಕೇಳಿದೋರಿಗೆ ಕೊಡ್ಬೇಕು ಅಂತ ಯಾರೋ ಭಾಷಣ ಮಾಡಿದ್ರು."

ಬಂದವರಿಗೆ ಪರದೆ ಬೇಕಾಗುತ್ತದೆ, ಪಾಠಕ್ಕೆ ಬರುವ ಹುಡುಗಿಯರು ಗಾಬರಿಯಾಗುತ್ತಾರೆ ಎಂದು ಎರಡು ಆಕ್ಷೇಪ ನಾಲಿಗೆಯ ತುದಿಗೆ ಬಂದವು. ಎರಡಕ್ಕೂ ಅವರ ಉತ್ತರ ನನಗೆ ಗೊತ್ತಿತ್ತು: ಬೇಕಾದವರು ಮೇಲಕ್ಕೆ ಒತ್ತಿಕೊಳ್ಳುತ್ತಾರೆ, ಕೀ ಇದೆಯಲ್ಲ. ಯಂತ್ರವನ್ನು ನನ್ನ ಕಡೆ ತಿರುಗಿಸಿಕೊಂಡು ಒಂದು ಸಾಲು ತಿದ್ದಿದೆ. ಅಷ್ಟು ದಿನ ಕೂತು ಬರೆದದ್ದರಲ್ಲಿ ಒಂದೇ ಒಂದು ಅಂಕಿ. ಮತ್ತೆ ಅವರ ಕಡೆ ತಿರುಗಿಸಿದೆ.

ಗಿರಿಜಕ್ಕ ಬೆಳಕು ಇಳಿಸುವ ಕೀಯನ್ನು ಬೆರಳಿನಲ್ಲಿ ಮುಟ್ಟಿ ಗುರುತು ಹಿಡಿದು ಒತ್ತಿದರು. ಕಾಯಿ ಲೊಟಕ್ ಎಂದಿತು. ಮತ್ತೆ ಒತ್ತಿದರು. ಒಂದೊಂದು ಸದ್ದಿಗೂ ಅವರ ಕೆನ್ನೆಯ ಮೇಲಿನ ಬೆಳಕು ಒಂದೊಂದು ಮೆಟ್ಟಿಲು ಇಳಿಯುವುದನ್ನು ನಾನು ನೋಡುತ್ತಿದ್ದೆ. ಅಂಗಳದಲ್ಲಿ ಚಿಕ್ಕಣ್ಣನ ಕೈ ನಿಂತಿತ್ತು. ಕೊನೆಯ ಸಲ ಒತ್ತಿದಾಗ ಪರದೆ ಕಪ್ಪಾಯಿತು.

ಆಯಿತು ಅಕ್ಕ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಎರಡು ಸದ್ದು ಬಂದುಬಿಟ್ಟವು. ಅವರು ನನ್ನನ್ನು ಏನೂ ಕೇಳಲಿಲ್ಲ. ಕೈ ಎರಡನ್ನೂ ತಂದು ನಡುವಿನ ಸಾಲಿನ ಮೇಲಿಟ್ಟು, ನಿಲ್ಲಿಸಿದ್ದ ಕರೆಯೋಲೆಯ ಮುಂದಿನ ಸಾಲು ಹೊಡೆಯತೊಡಗಿದರು.